ಬ್ಲೆಂಡರ್‌ನಲ್ಲಿ ಲೈಟ್ ಇಡೋದು ಸುಲಭ, ಲೆಕ್ಕ ಇಡೋದೇ ಕಷ್ಟ

ಇದು ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರಿನ ಪೂರ್ತಿ ವಿಮರ್ಶೆ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಮಾಡೆಲಿಂಗ್, ಅನಿಮೇಷನ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಕಟ್ಟುವ ಮೊದಲೇ ಮನೆ ಹೇಗೆ ಕಾಣುತ್ತದೆ ಅಂತ 3ಡಿ ಚಿತ್ರ ಮಾಡಿಕೊಟ್ಟು ಹೊಟ್ಟೆ ಹೊರೆಯುವವನು. ದಿನದ ಅರ್ಧ ಹೊತ್ತು ಲೈಟ್ ಇಡೋದರಲ್ಲಿ ಹೋಗುತ್ತದೆ, ಇನ್ನರ್ಧ ಇಟ್ಟ ಲೈಟ್ ಎಲ್ಲಿ ಹೋಯಿತು ಅಂತ ಹುಡುಕೋದರಲ್ಲಿ. ಹಾಗಾಗಿ ಇಲ್ಲಿ ಬರೀ ಲೈಟಿನ ವಿಷಯ.

ಈಚೆಗೆ ಬೆಂಗಳೂರಿನ ಹೊರಗೆ ಕಟ್ಟುತ್ತಿರುವ ಒಂದು ಮನೆಯ ಕೆಲಸ ಬಂತು. ಹೊಸ ಮನೆ, ಆದರೆ ನಡುವೆ ಹಳೇ ಕಾಲದ ತರ ಒಂದು ತೊಟ್ಟಿ, ಅಂದರೆ ಆಕಾಶಕ್ಕೆ ತೆರೆದ ಒಳಂಗಳ ಬೇಕು ಅಂತ ಮನೆಯವರ ಆಸೆ. ತೊಟ್ಟಿ ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲ, ಸುತ್ತ ಗೋಡೆಯೂ ಸುಮಾರು ಮೂರು ಮೀಟರ್ ಎತ್ತರ. ಹಾಲಿಗೆ ಫಾಲ್ಸ್ ಸೀಲಿಂಗ್, ಅದರ ಅಂಚಿಗೆ ಕೋವ್ ಲೈಟ್, ಸಾಲಾಗಿ ಡೌನ್‌ಲೈಟ್, ದೇವರ ಮನೆಯಲ್ಲಿ ಒಂದು ಸಣ್ಣ ದೀಪ. ಎಲ್ಲ ಸೇರಿ ನನ್ನ ಫೈಲಿನಲ್ಲಿ 46 ಲೈಟ್. ಈ ಒಂದು ಫೈಲೇ ಸಾಕು, ಬ್ಲೆಂಡರ್ ಎಲ್ಲಿ ಚೆನ್ನಾಗಿದೆ, ಎಲ್ಲಿ ತಲೆ ತಿನ್ನುತ್ತದೆ ಅಂತ ಹೇಳೋದಕ್ಕೆ.

ದುಡ್ಡಿನ ಮಾತು ಬೇಗ ಮುಗಿಸೋಣ. ಪುಕ್ಕಟೆ. ಪುಕ್ಕಟೆ ಅಂದರೆ ಮೂವತ್ತು ದಿನದ ಪುಕ್ಕಟೆ ಅಲ್ಲ, ನಿಜವಾಗಿಯೂ ಪುಕ್ಕಟೆ. ಇದನ್ನು ಹುಟ್ಟುಹಾಕಿದ ಟೋನ್ ರೂಸೆಂಡಾಲ್ 2002ರಲ್ಲಿ ಏಳೇ ವಾರದಲ್ಲಿ ಜನರಿಂದ ಒಂದು ಲಕ್ಷ ಯೂರೋ ಚಂದಾ ಎತ್ತಿ, ಹೂಡಿಕೆದಾರರ ಕೈಯಿಂದ ಕೋಡ್ ಬಿಡಿಸಿಕೊಂಡು ಎಲ್ಲರಿಗೂ ಕೊಟ್ಟುಬಿಟ್ಟರು. ಆ ಚಂದಾದ ಫಲ ಇವತ್ತು ನಾನು ಉಣ್ಣುತ್ತಿದ್ದೇನೆ.

ಇರೋದು ನಾಲ್ಕು ತರದ ಲೈಟ್. ಪಾಯಿಂಟ್ ಅಂದರೆ ಸುತ್ತಲೂ ಬೆಳಗುವ ಬಲ್ಬು. ಸನ್ ಅಂದರೆ ಸೂರ್ಯ, ಅದನ್ನು ಎಲ್ಲಿಟ್ಟರೂ ಒಂದೇ, ತಿರುಗಿಸಿದ ದಿಕ್ಕು ಮಾತ್ರ ಲೆಕ್ಕ. ಹೊಸಬರು ಸೂರ್ಯನನ್ನು ಎಳೆದುಕೊಂಡು ಹೋಗಿ ಮನೆಯಿಂದ ಒಂದು ಕಿಲೋಮೀಟರ್ ದೂರ ಇಡುತ್ತಾರೆ, ನಾನೂ ಇಟ್ಟವನೇ. ಸ್ಪಾಟ್ ಅಂದರೆ ಟಾರ್ಚು. ಏರಿಯಾ ಅಂದರೆ ಹಲಗೆಯ ಹಾಗೆ ಅಗಲವಾದ ಬೆಳಕು. ಒಳಾಂಗಣದ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ. ಹಲಗೆ ದೊಡ್ಡದಾದಷ್ಟೂ ನೆರಳಿನ ಅಂಚು ಮೆತ್ತಗಾಗುತ್ತದೆ. ಪವರ್ ಮುಟ್ಟದೆ ಸೈಜ್ ಮಾತ್ರ ಬದಲಾಯಿಸಿದರೆ ಒಟ್ಟು ಬೆಳಕು ಅಷ್ಟೇ ಇರುತ್ತದೆ, ಹರಡಿಕೊಳ್ಳುತ್ತದೆ ಅಷ್ಟೆ. 2021ರ 2.93 ಆವೃತ್ತಿಯಲ್ಲಿ ಇದಕ್ಕೆ ಸ್ಪ್ರೆಡ್ ಅಂತ ಒಂದು ಗುಂಡಿ ಸೇರಿಸಿದರು. ಅದನ್ನು ಕಡಿಮೆ ಮಾಡಿದರೆ ಬೆಳಕು ಪಕ್ಕಕ್ಕೆ ಚೆಲ್ಲದೆ ನೇರ ಮುಂದಕ್ಕೆ ಹೋಗುತ್ತದೆ. ಫೋಟೋ ಸ್ಟುಡಿಯೋದಲ್ಲಿ ಸಾಫ್ಟ್‌ಬಾಕ್ಸಿನ ಮುಂದೆ ಜಾಲರಿ ಕಟ್ಟುತ್ತಾರಲ್ಲ, ಅದೇ.

ಈಗ ಲೈಟ್ ಇಡುವ ವಿಷಯ. ಇಲ್ಲಿ ಬ್ಲೆಂಡರ್‌ಗೆ ನಾನು ಧಾರಾಳವಾಗಿ ಅಂಕ ಕೊಡುತ್ತೇನೆ. ಮೊದಲ ಎರಡು ವರ್ಷ ನಾನು ಜಿ ಒತ್ತಿ ಸರಿಸುವುದು, ಆರ್ ಒತ್ತಿ ತಿರುಗಿಸುವುದು, ಮೇಲಿಂದ ನೋಡುವುದು, ಪಕ್ಕದಿಂದ ನೋಡುವುದು, ಮತ್ತೆ ತಿರುಗಿಸುವುದು, ಹೀಗೇ ಒಂದೊಂದು ಸ್ಪಾಟ್ ಲೈಟಿಗೆ ಐದು ಐದು ನಿಮಿಷ ಸುರಿಯುತ್ತಿದ್ದೆ. ಆಮೇಲೆ ಯಾರೋ ಶಿಫ್ಟ್ ಟಿ ತೋರಿಸಿದರು. ಲೈಟ್ ಸೆಲೆಕ್ಟ್ ಮಾಡಿ, ಶಿಫ್ಟ್ ಟಿ ಒತ್ತಿ, ಮೌಸನ್ನು ಸೋಫಾ ಮೇಲೆ ತೆಗೆದುಕೊಂಡು ಹೋದರೆ ಲೈಟು ಸೋಫಾ ಕಡೆಗೆ ತಿರುಗುತ್ತದೆ. ಗೋಡೆಯ ಚಿತ್ರಪಟದ ಮೇಲೆ ಹೋದರೆ ಅದರ ಕಡೆ. ಸರಿ ಅನ್ನಿಸಿದಾಗ ಕ್ಲಿಕ್. ಅಷ್ಟೇ! ವ್ಯೂಪೋರ್ಟ್, ಅಂದರೆ ನಾವು ಕೆಲಸ ಮಾಡುವ ಕಿಟಕಿ, ರೆಂಡರ್ಡ್ ಮೋಡಿನಲ್ಲಿದ್ದರೆ ಬೆಳಕು ಕಣ್ಣೆದುರಿಗೇ ಓಡಾಡುತ್ತದೆ, ಕತ್ತಲ ಕೋಣೆಯಲ್ಲಿ ಟಾರ್ಚ್ ಹಿಡಿದು ಹುಡುಕಿದ ಹಾಗೆ.

ಇನ್ನೊಂದು ಇದಕ್ಕಿಂತ ಮಜಾ. ಲೈಟಿನ ಒಳಗೆ ಕೂತು ನೋಡಬಹುದು. ಲೈಟ್ ಸೆಲೆಕ್ಟ್ ಮಾಡಿ ಕಂಟ್ರೋಲ್ ಜೊತೆ ನಂಪ್ಯಾಡಿನ ಸೊನ್ನೆ ಒತ್ತಿದರೆ ಆ ಲೈಟೇ ಕ್ಯಾಮೆರಾ ಆಗುತ್ತದೆ. ಅದಕ್ಕೆ ಏನು ಕಾಣುತ್ತದೋ ಅದರ ಮೇಲೆ ಬೆಳಕು ಬೀಳುತ್ತದೆ, ಕಾಣದ್ದು ನೆರಳು. ಫ್ಯಾನಿನ ರೆಕ್ಕೆ ಅಡ್ಡ ಬಂದಿದೆಯಾ, ಪರದೆಯ ಕಂಬಿ ಅಡ್ಡ ಬಂದಿದೆಯಾ, ಎಲ್ಲ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ನಂಪ್ಯಾಡ್ ಇಲ್ಲದವರು ವ್ಯೂ ಮೆನುವಿನ ಕ್ಯಾಮೆರಾಸ್ ಒಳಗೆ ಹುಡುಕಿ, ಅಲ್ಲೇ ಇದೆ. ಕೆಲಸ ಮುಗಿದ ಮೇಲೆ ನಿಜವಾದ ಕ್ಯಾಮೆರಾ ಸೆಲೆಕ್ಟ್ ಮಾಡಿ ಮತ್ತೆ ಅದೇ ಕೀಲಿ ಒತ್ತಲು ಮಾತ್ರ ಮರೆಯಬೇಡಿ. ನಾನು ಒಮ್ಮೆ ಮರೆತೆ. ರಾತ್ರಿ ರೆಂಡರ್‌ಗೆ, ಅಂದರೆ ಕೊನೆಯ ಚಿತ್ರ ತೆಗೆಯಲು, ಹಾಕಿ ಮಲಗಿದೆ, ಬೆಳಗ್ಗೆ ಎದ್ದು ನೋಡಿದರೆ ಡೌನ್‌ಲೈಟಿನ ಕಣ್ಣಿಂದ ತೆಗೆದ ಊಟದ ಟೇಬಲ್ಲಿನ ನೆತ್ತಿ, ದೊಡ್ಡ ಸೈಜಿನಲ್ಲಿ, ನುಣ್ಣಗೆ, ಒಂದು ಚುಕ್ಕೆ ಗಲೀಜಿಲ್ಲದೆ.

ಒಂದೇ ವಸ್ತುವಿನ ಮೇಲೆ ಸದಾ ಬೆಳಕು ಇರಬೇಕಾದರೆ ಒಂದು ಎಂಪ್ಟಿ (ರೆಂಡರ್‌ನಲ್ಲಿ ಕಾಣದ ಗುರುತು) ಇಟ್ಟು, ಲೈಟಿಗೆ ಟ್ರ್ಯಾಕ್ ಟು ಕನ್‌ಸ್ಟ್ರೇಂಟ್ ಹಾಕಿ. ಆಮೇಲೆ ಲೈಟನ್ನು ಎಲ್ಲಿಗೆ ಎಳೆದರೂ ಮುಖ ಆ ಕಡೆಗೇ ಇರುತ್ತದೆ. ಸೂರ್ಯಕಾಂತಿ ಹೂವಿನ ಹಾಗೆ ಅನ್ನೋಣವೇ, ಆದರೆ ಇಲ್ಲಿ ತಿರುಗೋದು ಸೂರ್ಯನೇ.

ಇಷ್ಟೆಲ್ಲ ಹೊಗಳಿದೆ. ಈಗ ಲೆಕ್ಕದ ಮಾತಿಗೆ ಬರೋಣ.

46 ಲೈಟ್ ಇರುವ ಫೈಲನ್ನು ಎರಡು ವಾರ ಬಿಟ್ಟು ತೆಗೆದು ನೋಡಿ. ಫೈಲಿನ ಎಲ್ಲ ವಸ್ತುಗಳ ಹೆಸರು ತೋರಿಸುವ ಔಟ್‌ಲೈನರ್‌ನಲ್ಲಿ ಏರಿಯಾ.001, ಏರಿಯಾ.002, ಹೀಗೇ ಏರಿಯಾ.023ರವರೆಗೆ ಸಾಲು. ಯಾವುದು ಅಡುಗೆಮನೆಯದು, ಯಾವುದು ಬಚ್ಚಲುಮನೆಯದು? ದೇವರಿಗೇ ಗೊತ್ತು. ಅದರ ಮೇಲೆ ವಸ್ತುವಿಗೆ ಒಂದು ಹೆಸರು, ಅದರ ಒಳಗಿನ ಲೈಟ್ ಡೇಟಾಗೆ ಇನ್ನೊಂದು ಹೆಸರು. ಹೊರಗಿನ ಹೆಸರು ಶ್ರದ್ಧೆಯಿಂದ ಬದಲಾಯಿಸಿದರೂ ಒಳಗೆ ಅದೇ ಹಳೇ ಏರಿಯಾ.012 ಕೂತಿರುತ್ತದೆ. ಇದಕ್ಕೆಲ್ಲ ಬೇಕಾಗಿದ್ದು ಒಂದು ಪಟ್ಟಿ. ಎಲ್ಲ ಲೈಟು ಒಂದೇ ಕಡೆ, ಎದುರಿಗೆ ಪವರ್, ಬಣ್ಣ, ಹಚ್ಚುವ ಆರಿಸುವ ಗುಂಡಿ. ಬೇರೆ 3ಡಿ ಸಾಫ್ಟ್‌ವೇರ್ ನೋಡಿ, ಮಾಯಾದಲ್ಲಿ ಲೈಟ್ ಎಡಿಟರ್ ಇದೆ, 3ಡಿಎಸ್ ಮ್ಯಾಕ್ಸಿನಲ್ಲಿ ಲೈಟ್ ಲಿಸ್ಟರ್ ಇದೆ. ಬ್ಲೆಂಡರ್ ತನ್ನ ಜೊತೆಗೆ ಅಂಥದ್ದೊಂದನ್ನು ಕೊಡುವುದಿಲ್ಲ. ಹೊರಗಿನವರು ಮಾಡಿದ ಆಡ್‌ಆನ್‌ಗಳು ಇವೆ. ಗ್ರೆಗ್ ಝಾಲ್ ಬರೆದ ಗ್ಯಾಫರ್ ಅವುಗಳಲ್ಲಿ ಹೆಸರಾದದ್ದು, ಪಟ್ಟಿಯನ್ನೂ ತೋರಿಸುತ್ತದೆ, ಒಂದೇ ಲೈಟ್ ಉಳಿಸಿ ಬಾಕಿ ಎಲ್ಲ ಆರಿಸುವ ಸೋಲೋ ಗುಂಡಿಯನ್ನೂ ಕೊಡುತ್ತದೆ. ಆದರೆ ಇಷ್ಟು ಮೂಲಭೂತ ವಸ್ತುವಿಗೆ ಹೊರಗಿನವರ ಮುಖ ನೋಡಬೇಕಾ ಅನ್ನೋದು ನನ್ನ ತಕರಾರು.

ಪಟ್ಟಿ ಇಲ್ಲದೆ ನಾನು ಹೇಗೆ ನಿಭಾಯಿಸುತ್ತೇನೆ ಅಂದರೆ, ಕೋಣೆಗೊಂದು ಕಲೆಕ್ಷನ್, ಅಂದರೆ ಫೋಲ್ಡರಿನ ತರದ ಗುಂಪು. ಹಾಲ್_ಕೋವ್, ಹಾಲ್_ಡೌನ್, ದೇವರಮನೆ, ತೊಟ್ಟಿ. ರಾತ್ರಿಯ ಚಿತ್ರ ಬೇಕಾದಾಗ ತೊಟ್ಟಿಯ ಸೂರ್ಯನ ಕಲೆಕ್ಷನ್ನಿನ ಟಿಕ್ ತೆಗೆದರೆ ಸಾಕು. ಎರಡನೆಯದು, ಒಂದೇ ತರದ ಲೈಟುಗಳನ್ನು ಯಾವತ್ತೂ ಆಲ್ಟ್ ಡಿ ಒತ್ತಿ ನಕಲು ಮಾಡಿ, ಶಿಫ್ಟ್ ಡಿ ಬೇಡ. ಶಿಫ್ಟ್ ಡಿ ಮಾಡಿದರೆ ಒಂದೊಂದು ಲೈಟೂ ಬೇರೆ ಬೇರೆ ಸಂಸಾರ ಹೂಡುತ್ತದೆ. ಆಲ್ಟ್ ಡಿ ಮಾಡಿದರೆ ಎಲ್ಲವೂ ಒಂದೇ ಡೇಟಾ ಹಂಚಿಕೊಳ್ಳುತ್ತವೆ. ಹಾಲಿನ 14 ಡೌನ್‌ಲೈಟ್ ನಾನು ಹಾಗೇ ಮಾಡಿದ್ದೆ. ಮನೆಯವರು "ಬೆಳಕು ಸ್ವಲ್ಪ ಜಾಸ್ತಿ ಮಾಡಿ ಸರ್, ಸಾಯಂಕಾಲ ಕರೆಂಟ್ ಹೋದ ಹಾಗೆ ಕಾಣ್ತಿದೆ" ಅಂದಾಗ ಒಂದಕ್ಕೆ ಪವರ್ ಏರಿಸಿದೆ, ಹದಿನಾಲ್ಕೂ ಏರಿದವು. ಶಿಫ್ಟ್ ಡಿ ಮಾಡಿಯೇ ಬಿಟ್ಟಿದ್ದರೂ ದಾರಿ ಇದೆ. ಎಲ್ಲವನ್ನೂ ಸೆಲೆಕ್ಟ್ ಮಾಡಿ, ಆಲ್ಟ್ ಹಿಡಿದುಕೊಂಡು ಪವರಿನ ಅಂಕಿ ಬದಲಾಯಿಸಿದರೆ ಸೆಲೆಕ್ಟ್ ಮಾಡಿದ್ದಕ್ಕೆಲ್ಲ ಅನ್ವಯ ಆಗುತ್ತದೆ. ಈ ಆಲ್ಟ್ ವಿಷಯ ಪರದೆಯ ಮೇಲೆ ಎಲ್ಲೂ ಎದ್ದು ಕಾಣುವುದಿಲ್ಲ. ಇದೇ ಬ್ಲೆಂಡರಿನ ಗುಣ, ಕೀಲಿ ಗೊತ್ತಿದ್ದವನಿಗೆ ಅರಮನೆ, ಗೊತ್ತಿಲ್ಲದವನಿಗೆ ಬೀಗ ಹಾಕಿದ ಬಾಗಿಲು.

ಕಣ್ಣಿನ ಚಿಹ್ನೆಯ ಬಗ್ಗೆಯೂ ಒಂದು ಮಾತು. ಔಟ್‌ಲೈನರ್‌ನಲ್ಲಿ ಕಣ್ಣು ಮುಚ್ಚಿದರೆ ಲೈಟ್ ನಿಮ್ಮ ವ್ಯೂಪೋರ್ಟಿನಲ್ಲಿ ಮಾತ್ರ ಮಾಯವಾಗುತ್ತದೆ. ರೆಂಡರ್‌ನಲ್ಲಿ ಹಾಗೇ ಉರಿಯುತ್ತಿರುತ್ತದೆ. ರೆಂಡರ್‌ನಲ್ಲೂ ಆರಬೇಕಾದರೆ ಪಕ್ಕದ ಕ್ಯಾಮೆರಾ ಚಿಹ್ನೆ ಒತ್ತಬೇಕು, ಅದು ಫಿಲ್ಟರ್ ಮೆನುವಿನಲ್ಲಿ ಟಿಕ್ ಮಾಡುವವರೆಗೆ ಕಾಣದೆಯೂ ಇರಬಹುದು. ಪ್ರಯೋಗಕ್ಕೆ ಅಂತ ಇಟ್ಟ ಒಂದು ನೇರಳೆ ಬಣ್ಣದ ಲೈಟಿನ ಕಣ್ಣು ಮುಚ್ಚಿ, ಆರಿಸಿದ್ದೇನೆ ಅಂತ ನಂಬಿ, ದೇವರ ಮನೆಯ ಚಿತ್ರ ಕಳಿಸಿದ್ದೆ. "ಇದೇನು ಡಿಸ್ಕೋ ತರ ಇದೆಯಲ್ಲ" ಅಂತ ಫೋನ್ ಬಂತು. ತಪ್ಪು ನನ್ನದೇ.

ಇನ್ನು ವ್ಯಾಟ್. ಹೊಸಬರು ಇಲ್ಲಿ ಸೋಲುವಷ್ಟು ಬೇರೆಲ್ಲೂ ಸೋಲುವುದಿಲ್ಲ. ಮನೆಯಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ಇದೆಯಲ್ಲ ಅಂತ ಬ್ಲೆಂಡರ್‌ನಲ್ಲೂ 9 ಅಂತ ಬರೆದರೆ ಕೋಣೆ ಪೂರ್ತಿ ಕತ್ತಲೆ. ಆಗ ಎಲ್ಲರೂ ಮಾಡುವುದು ಒಂದೇ, 100, 500, 1000. ಹೊಸ ಫೈಲ್ ತೆಗೆದಾಗ ಮೊದಲೇ ಇರುವ ಪಾಯಿಂಟ್ ಲೈಟಿಗೂ 1000 ವ್ಯಾಟೇ ಇದೆ, ಅದನ್ನು ನೋಡಿದವರು ಇದೇ ಸರಿ ಅಂದುಕೊಳ್ಳುತ್ತಾರೆ. ನಿಜ ಏನೆಂದರೆ ಇದು ಮೀಟರ್ ಓಡಿಸುವ ವ್ಯಾಟ್ ಅಲ್ಲ, ಬೆಳಕಾಗಿ ಹೊರಗೆ ಬರುವ ಶಕ್ತಿಯ ವ್ಯಾಟ್. ಬ್ಲೆಂಡರಿನ ಕೈಪಿಡಿಯಲ್ಲೇ ಒಂದು ಪಟ್ಟಿ ಇದೆ. ಮೇಣದಬತ್ತಿಗೆ 0.05, 800 ಲ್ಯೂಮೆನ್ ಎಲ್‌ಇಡಿ ಬಲ್ಬಿಗೆ 2.1. ಸೂರ್ಯನಿಗೆ ಶುಭ್ರ ಆಕಾಶದಲ್ಲಿ ಚದರ ಮೀಟರಿಗೆ 1000, ಮೋಡ ಕವಿದಾಗ 200, ಬೆಳದಿಂಗಳಿಗೆ 0.001.

ಈ ಅಂಕಿ ಹಾಕಿದರೆ ಒಳಗೆ ಏನೂ ಕಾಣುವುದಿಲ್ಲ, ಹೊರಗೆ ಬಿಳೀ ಹಾಳೆ. ಅಲ್ಲೇ ಇದೆ ಗುಟ್ಟು. ಬದಲಾಯಿಸಬೇಕಾದ್ದು ಲೈಟ್ ಅಲ್ಲ, ಎಕ್ಸ್‌ಪೋಷರ್. ಕಲರ್ ಮ್ಯಾನೇಜ್‌ಮೆಂಟಿನಲ್ಲಿರುವ ಎಕ್ಸ್‌ಪೋಷರ್ ಒಂದು ಅಂಕಿ ಇಳಿಸಿದರೆ ಬೆಳಕು ಅರ್ಧ, ಎರಡು ಇಳಿಸಿದರೆ ಕಾಲು ಭಾಗ. 1000ದ ಸೂರ್ಯನನ್ನು ನಾವು ಸಾಮಾನ್ಯವಾಗಿ ಹಾಕುವ 4ರ ಮಟ್ಟಕ್ಕೆ ತರಲು ಎಂಟು ಇಳಿಸಬೇಕು. ರಾತ್ರಿಯ ಹಾಲಿಗೆ ಉಲ್ಟಾ, ನನಗೆ ಐದಕ್ಕಿಂತ ಜಾಸ್ತಿ ಏರಿಸಬೇಕಾಯಿತು. ಫೋಟೋ ತೆಗೆಯುವವರು ಬಿಸಿಲಿನಿಂದ ಮನೆಯೊಳಗೆ ಬಂದಾಗ ಮಾಡುವುದೂ ಇದನ್ನೇ ಅಲ್ವಾ. ದೇವರ ಮನೆಯ ದೀಪಕ್ಕೆ 0.05 ಕೊಟ್ಟು, ಪಕ್ಕದ ಬಲ್ಬಿಗೆ 2.1 ಕೊಟ್ಟು ನೋಡಿದಾಗ ದೀಪದ ಬೆಳಕು ವಿಗ್ರಹದ ಗಲ್ಲದವರೆಗೆ ಮಾತ್ರ ಬಂದು ನಿಂತಿತು. ನಿಜವಾದ ದೇವರ ಮನೆಯಲ್ಲಿ ಹಾಗೇ ತಾನೆ ಇರೋದು. ಅಂದಾಜಿನಲ್ಲಿ 50, 300 ಅಂತ ಹಾಕುತ್ತಿದ್ದಾಗ ಆ ಹದ ಒಮ್ಮೆಯೂ ಸಿಕ್ಕಿರಲಿಲ್ಲ.

ಬಣ್ಣಕ್ಕೆ ಬ್ಲ್ಯಾಕ್‌ಬಾಡಿ ನೋಡ್ ಇದೆ (ನೋಡ್ ಅಂದರೆ ತಂತಿ ಎಳೆದು ಜೋಡಿಸುವ ಪೆಟ್ಟಿಗೆ). ಕೆಲ್ವಿನ್ ಅಂಕಿ ಹಾಕಿ, 2700 ಅಂದರೆ ಹಳದಿ ಬಲ್ಬು, 6500 ಅಂದರೆ ಟ್ಯೂಬ್‌ಲೈಟಿನ ಬಿಳಿ. ಎಲೆಕ್ಟ್ರಿಕಲ್ ಅಂಗಡಿಯ ಡಬ್ಬಿ ಮೇಲಿನ ಅಂಕಿಯನ್ನೇ ಇಲ್ಲಿ ಬರೆಯಬಹುದು, ವಾರ್ಮ್ ವೈಟೋ ಕೂಲ್ ವೈಟೋ ಅಂತ ಮನೆಯವರ ಜೊತೆ ವಾದ ಮಾಡುವ ಕಷ್ಟ ತಪ್ಪುತ್ತದೆ. ಡೌನ್‌ಲೈಟು ಗೋಡೆ ಮೇಲೆ ಬಿಡಿಸುವ ಆ ಕಮಾನಿನ ಆಕಾರ ಬೇಕಾದರೆ ಐಇಎಸ್ ಟೆಕ್ಸ್ಚರ್ ನೋಡ್. ಲೈಟ್ ತಯಾರಿಸುವ ಎಷ್ಟೋ ಕಂಪನಿಗಳು ತಮ್ಮ ಮಾಲಿನ ಐಇಎಸ್ ಫೈಲನ್ನು, ಅಂದರೆ ಬೆಳಕು ಯಾವ ಕಡೆಗೆ ಎಷ್ಟು ಬೀಳುತ್ತದೆ ಅನ್ನುವ ಅಳತೆಯನ್ನು, ಪುಕ್ಕಟೆ ಇಟ್ಟಿರುತ್ತವೆ. ಬ್ಲೆಂಡರಿನ ರೆಂಡರ್ ಎಂಜಿನ್‌ಗಳಲ್ಲಿ ಇದು ಸೈಕಲ್ಸ್‌ನಲ್ಲಿ ಮಾತ್ರ ನಡೆಯುತ್ತದೆ, ಈವೀಯಲ್ಲಿ ಇಲ್ಲ.

ನನ್ನ ಕೆಲಸವನ್ನೇ ಬದಲಾಯಿಸಿದ್ದು ಲೈಟ್ ಗ್ರೂಪ್. 2022ರ 3.2ರಲ್ಲಿ ಬಂತು, ಸೈಕಲ್ಸ್‌ಗೆ ಮಾತ್ರ. ಹಾಲಿನ ಕೋವ್ ಒಂದು ಗುಂಪು, ಡೌನ್‌ಲೈಟ್ ಒಂದು ಗುಂಪು, ಹೊರಗಿನ ಆಕಾಶ ಒಂದು ಗುಂಪು ಅಂತ ಮಾಡಿ ಒಮ್ಮೆ ರೆಂಡರ್ ಮಾಡಿದರೆ, ಒಂದೊಂದು ಗುಂಪಿನ ಬೆಳಕೂ ಬೇರೆ ಬೇರೆ ಪದರವಾಗಿ ಸಿಗುತ್ತದೆ. ಕಂಪೋಸಿಟರ್‌ನಲ್ಲಿ, ಅಂದರೆ ಪದರ ಜೋಡಿಸುವ ಜಾಗದಲ್ಲಿ, ಅವನ್ನೆಲ್ಲ ಕೂಡಿಸಿದರೆ ಮೂಲ ಚಿತ್ರ. ಕೂಡಿಸುವ ಮೊದಲು ಒಂದನ್ನು ಮಂದ ಮಾಡಬಹುದು, ಇನ್ನೊಂದನ್ನು ಹಳದಿ ಮಾಡಬಹುದು, ಮತ್ತೊಂದನ್ನು ಪೂರ್ತಿ ಆರಿಸಬಹುದು. ಮತ್ತೆ ರೆಂಡರ್ ಬೇಡ. ಮೊದಲೆಲ್ಲ "ಕೋವ್ ಲೈಟ್ ಒಂಚೂರು ಕಮ್ಮಿ" ಅಂತ ಒಂದು ಮೆಸೇಜ್ ಬಂದರೆ ನನ್ನ ಹಳೇ ಲ್ಯಾಪ್‌ಟಾಪಿಗೆ ಮೂರು ಗಂಟೆ ಜ್ವರ ಬರುತ್ತಿತ್ತು. ಈಗ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಹೇಳಿದ ಹಾಗೆ ಅಲ್ಲೇ ಏರಿಸಿ ಇಳಿಸಿ ತೋರಿಸುತ್ತೇನೆ, ಕಾಫಿ ಆರುವಷ್ಟರಲ್ಲಿ ಮುಗಿಯುತ್ತದೆ. ಒಂದು ಕಿರಿಕಿರಿ ಇದೆ. ಡಿನಾಯ್ಸ್ ಆಗೋದು, ಅಂದರೆ ಕಾಳು ಹೋಗಿ ನುಣ್ಣಗಾಗೋದು, ಒಟ್ಟು ಚಿತ್ರ ಮಾತ್ರ, ಗುಂಪಿನ ಪದರಗಳಲ್ಲಿ ಕಾಳು ಕಾಳು ಹಾಗೇ ಇರುತ್ತದೆ. ಪ್ರತಿಯೊಂದಕ್ಕೂ ನೀವೇ ಡಿನಾಯ್ಸ್ ನೋಡ್ ಹಾಕಬೇಕು. ಆರು ಗುಂಪು, ಆರು ನೋಡ್, ನೂಲಿನ ಉಂಡೆಗೆ ಬೆಕ್ಕು ಬಿದ್ದ ಹಾಗಿರುತ್ತದೆ ಪರದೆ.

ಲೈಟ್ ಲಿಂಕಿಂಗ್ 2023ರ 4.0ರಲ್ಲಿ ಬಂತು. ಈ ಲೈಟು ಆ ಕುರ್ಚಿಗೆ ಮಾತ್ರ, ಗೋಡೆಗೆ ಬೇಡ ಅಂತ ಹೇಳುವ ಸೌಲಭ್ಯ. ನಿಜ ಲೋಕದಲ್ಲಿ ಇಲ್ಲದ ಮೋಸ ಇದು. ಟಿವಿ ಗಾಜಿನಲ್ಲಿ ಲೈಟಿನ ಬಿಳೀ ಚೌಕ ಕಾಣುತ್ತಿದ್ದಾಗ ಎರಡೇ ಸಲ ಬಳಸಿದೆ. ಮನೆ ತೋರಿಸುವ ಕೆಲಸದಲ್ಲಿ ಇದನ್ನು ಜಾಸ್ತಿ ಬಳಸಬಾರದು ಅಂತ ನನ್ನ ಅಭಿಪ್ರಾಯ. ನಾಳೆ ಮನೆ ಕಟ್ಟಿದ ಮೇಲೆ "ಚಿತ್ರದಲ್ಲಿ ಇದ್ದ ಹಾಗೆ ಇಲ್ಲವಲ್ಲ" ಅಂತ ಬೈಸಿಕೊಳ್ಳುವವನು ನಾನೇ.

ಕಡೆಗೆ ಸೂರ್ಯ. ಸನ್ ಪೊಸಿಷನ್ ಅಂತ ಒಂದು ಆಡ್‌ಆನ್ ಇದೆ. ಮೊದಲು ಜೊತೆಗೇ ಬರುತ್ತಿತ್ತು, 4.2ರಿಂದ ಎಕ್ಸ್‌ಟೆನ್ಷನ್ಸ್ ಜಾಗದಿಂದ ಇಳಿಸಿಕೊಳ್ಳಬೇಕು. ಅಕ್ಷಾಂಶ, ರೇಖಾಂಶ, ದಿನಾಂಕ, ಹೊತ್ತು ಕೊಟ್ಟರೆ ಸೂರ್ಯನನ್ನು ತಾನೇ ತಿರುಗಿಸಿ ಇಡುತ್ತದೆ. ಬೆಂಗಳೂರಿಗೆ 12.97 ಉತ್ತರ, 77.59 ಪೂರ್ವ, ಟೈಮ್ ಝೋನ್ 5.5. ಮನೆಯ ನಕ್ಷೆಯ ಉತ್ತರ ದಿಕ್ಕನ್ನು ನಾರ್ತ್ ಆಫ್‌ಸೆಟ್‌ನಲ್ಲಿ ಸರಿಯಾಗಿ ಕೊಡಿ, ಇಲ್ಲದಿದ್ದರೆ ವಾಸ್ತು ನೋಡುವವರ ಕೈಗೆ ಸಿಕ್ಕಿಹಾಕಿಕೊಳ್ಳುತ್ತೀರಿ.

ಇದು ನಿಜ ಹೇಳುತ್ತದೋ ಸುಳ್ಳು ಹೇಳುತ್ತದೋ ಅಂತ ನೋಡಲು ನನ್ನ ಹತ್ತಿರ ಒಂದು ಪರೀಕ್ಷೆ ಇತ್ತು. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ ಶೂನ್ಯ ನೆರಳಿನ ದಿನ ಬರುತ್ತದೆ, ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ಸೂರ್ಯ ನೆತ್ತಿಯ ಮೇಲೇ ಬಂದು ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಅದೂ 12 ಗಂಟೆಗಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಬೆಂಗಳೂರು ಅದಕ್ಕಿಂತ ಪಶ್ಚಿಮಕ್ಕಿದೆ. ಹಾಗಾಗಿ ಏಪ್ರಿಲ್‌ನಲ್ಲಿ ಇಲ್ಲಿನ ನಡು ಮಧ್ಯಾಹ್ನ ಸುಮಾರು 12 ಗಂಟೆ 18 ನಿಮಿಷಕ್ಕೆ. ತೊಟ್ಟಿಯ ಪಕ್ಕ ಒಂದು ಕಂಬ ನೆಟ್ಟು, ಏಪ್ರಿಲ್ 24 ಹಾಕಿ, ಹೊತ್ತನ್ನು 12.3ಕ್ಕೆ ಎಳೆದೆ. ಹೊತ್ತು ಇಲ್ಲಿ ದಶಮಾಂಶದಲ್ಲಿ ಇರುತ್ತದೆ, 12.3 ಅಂದರೆ 12 ಗಂಟೆ 18 ನಿಮಿಷ. ನೆರಳು ಕುಗ್ಗುತ್ತಾ ಕುಗ್ಗುತ್ತಾ ಕಂಬದ ಬುಡಕ್ಕೆ ಸೇರಿ ಮಾಯವಾಯಿತು. ಆ ಕ್ಷಣ ಈ ಆಡ್‌ಆನ್ ಬರೆದವರಿಗೆ ಒಂದು ಮಸಾಲೆ ದೋಸೆ ಕೊಡಿಸಬೇಕು ಅನ್ನಿಸಿತು.

ನೆರಳಿನ ಅಂಚಿಗೂ ಸೂರ್ಯನ ಆಂಗಲ್ ಅಂತ ಒಂದು ಅಂಕಿ ಇದೆ, ಮೊದಲೇ 0.526 ಡಿಗ್ರಿ ಇರುತ್ತದೆ. ಆಕಾಶದಲ್ಲಿ ಸೂರ್ಯ ಕಾಣುವ ಅಗಲವೇ ಅಷ್ಟು. ಮೂರು ಮೀಟರ್ ಮೇಲಿನ ಸೂರಿನ ನೆರಳು ನೆಲದ ಮೇಲೆ ಮೂರು ಸೆಂಟಿಮೀಟರಿನಷ್ಟು ಮಸುಕಾಗುತ್ತದೆ. ಇದನ್ನು ಮುಟ್ಟಬೇಡಿ. ಮೆತ್ತಗೆ ಚೆನ್ನಾಗಿ ಕಾಣುತ್ತದೆ ಅಂತ 10 ಡಿಗ್ರಿ ಹಾಕುವವರನ್ನು ನೋಡಿದ್ದೇನೆ, ಆಮೇಲೆ ಅದು ಬಿಸಿಲೂ ಅಲ್ಲ, ಮೋಡವೂ ಅಲ್ಲ.

ಅಂಕ ಕೇಳಿದರೆ, ಲೈಟ್ ಇಡೋದಕ್ಕೆ ಹತ್ತಕ್ಕೆ ಒಂಬತ್ತು. ನಿಭಾಯಿಸೋದಕ್ಕೆ ಐದು, ಅದೂ ಆಲ್ಟ್ ಡಿ ಮತ್ತು ಲೈಟ್ ಗ್ರೂಪಿನ ದಯೆಯಿಂದ. ಸೂರ್ಯನಿಗೆ ಹತ್ತಕ್ಕೆ ಹತ್ತು.

ಸೂರ್ಯನಿಗೆ ಪೂರ್ತಿ ಕೊಟ್ಟಿದ್ದಕ್ಕೆ ಕಾರಣ ತುಳಸಿ ಕಟ್ಟೆ. ಆ ಮನೆಯ ಅಮ್ಮ ಕಟ್ಟೆಯನ್ನು ತೊಟ್ಟಿಯ ಸರೀ ನಡುವೆ ಇಡಿಸಬೇಕು ಅಂತಿದ್ದರು. "ಚಳಿಗಾಲದಲ್ಲೂ ಬಿಸಿಲು ಬೀಳುತ್ತೇನಪ್ಪಾ?" ಅಂತ ಕೇಳಿದರು. ಡಿಸೆಂಬರ್ 21 ಹಾಕಿ ಮಧ್ಯಾಹ್ನಕ್ಕೆ ಎಳೆದೆ. ಸೂರ್ಯ ನೆತ್ತಿಯಿಂದ 36 ಡಿಗ್ರಿ ದಕ್ಷಿಣಕ್ಕೆ ಜಾರಿದ್ದ. ದಕ್ಷಿಣದ ಗೋಡೆಯ ನೆರಳು ನೆಲದ ಮೇಲೆ ಎರಡು ಮೀಟರ್ ದಾಟಿ ಬಂದು, ಉತ್ತರದ ಕಡೆ ಮುಕ್ಕಾಲು ಮೀಟರಿನ ಪಟ್ಟಿ ಮಾತ್ರ ಬಿಸಿಲಲ್ಲಿ ಉಳಿದಿತ್ತು. ಜೂನ್ 21 ಹಾಕಿದರೆ ಉಲ್ಟಾ, ಸೂರ್ಯ ಉತ್ತರಕ್ಕೆ ಹತ್ತು ಡಿಗ್ರಿ ವಾಲಿ, ಉತ್ತರದ ಗೋಡೆಯ ಬುಡದಲ್ಲಿ ಅರ್ಧ ಮೀಟರ್ ನೆರಳು. ಅಮ್ಮ ಕನ್ನಡಕ ಸರಿಮಾಡಿಕೊಂಡು ಎರಡನ್ನೂ ನಾಲ್ಕು ಸಲ ಹಿಂದೆ ಮುಂದೆ ಮಾಡಿಸಿ ನೋಡಿದರು. ಆಮೇಲೆ ಪರದೆಯ ಮೇಲೆ ಬೆರಳಿಟ್ಟು, "ಇಲ್ಲಿ ಕಟ್ಟಿಸ್ತೀನಿ, ಮೇಸ್ತ್ರಿಗೆ ಅಳತೆ ಬರೆದುಕೊಡಿ" ಅಂದರು. ಉತ್ತರದ ಗೋಡೆಯಿಂದ 65 ಸೆಂಟಿಮೀಟರ್ ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟೆ.